ಬಾಯಿಯೊಳಗೆ ಟಾರ್ಚು ಹಾಕಿ ನೋಡಿದ್ದೇವೆಯೇ?

ಅಡಿಕೆ ಬೆಳೆಯುವವನೇ ಈ ವಿಷಯ ಬರೆಯಬೇಕೇ ಅಂತ ಮನೆಯಲ್ಲಿಯೇ ಕೇಳಿದರು. ನಮ್ಮ ಹೊಟ್ಟೆಗೆ ನಾವೇ ಹೊಡಕೊಂಡ ಹಾಗಲ್ವಾ ಎಂದು ಅವರ ಪ್ರಶ್ನೆ. ಎರಡು ತಿಂಗಳು ಬರೆಯದೆ ಕುಳಿತದ್ದು ಅದಕ್ಕೇ. ಆದರೆ ಬೆಳೆಯುವವರೂ ನಾವೇ, ತಿನ್ನುವವರೂ ನಾವೇ, ತಿನ್ನಲು ಕೊಡುವವರೂ ನಾವೇ ಆದ ಮೇಲೆ ಹೊರಗಿನವರು ಬಂದು ಹೇಳಲಿ ಎಂದು ಕಾಯುವುದು ಸರಿ ಕಾಣಲಿಲ್ಲ.

ನಮ್ಮ ತೋಟದಲ್ಲಿ ಇಪ್ಪತ್ತೆರಡು ವರ್ಷ ಗೊನೆ ತೆಗೆದವನೊಬ್ಬನಿದ್ದಾನೆ. ಮಳೆಗಾಲದಲ್ಲಿ ಮದ್ದು ಬಿಡುತ್ತಿದ್ದವನೂ ಅವನೇ. ಹೆಸರು ಬೇಡ. ನಾನೂ ಅವನೂ ಒಂದೇ ಶಾಲೆಯಲ್ಲಿ ನಾಲ್ಕನೆಯ ತನಕ ಒಟ್ಟಿಗೆ ಕುಳಿತವರು. ಒಂದು ಮಳೆಗಾಲ ಮಧ್ಯಾಹ್ನ ಊಟಕ್ಕೆ ಕುಳಿತಾಗ ಚಟ್ನಿಯನ್ನು ಎಲೆಯ ಬದಿಗೆ ದೂಡಿದ. 'ಖಾರ ಆಗುವುದಿಲ್ಲ ಅಣ್ಣೇರೆ, ಬಾಯಿ ಉರಿಯುತ್ತದೆ' ಅಂದ. ಉಷ್ಣ ಆಗಿರಬೇಕು, ಮಜ್ಜಿಗೆ ಕುಡಿ ಅಂದೆ. ನನ್ನ ವೈದ್ಯ ಅಲ್ಲಿಗೆ ಮುಗಿಯಿತು. ಮರುವರ್ಷ ಎಡಗೆನ್ನೆಯ ಒಳಗೆ ಒಂದು ಹುಣ್ಣು. ಹುಳುಕು ಹಲ್ಲು ತಾಗಿ ಆದದ್ದು ಅಂತ ಅವನೇ ತೀರ್ಮಾನ ಮಾಡಿದ. ಪೇಟೆಯ ಒಬ್ಬ ಡಾಕ್ಟರು ಬಾಯಿ ಸರಿಯಾಗಿ ತೆರೆಸಿ ನೋಡದೆ ಬಿ ಕಾಂಪ್ಲೆಕ್ಸ್ ಮಾತ್ರೆ ಬರೆದರು. ಅದನ್ನು ಐದು ತಿಂಗಳು ನುಂಗಿದ. ನೋವೇ ಇರಲಿಲ್ಲ, ಹಾಗಾಗಿ ಕೆಲಸವೂ ನಿಲ್ಲಲಿಲ್ಲ. ಮಂಗಳೂರಿಗೆ ಕರಕೊಂಡು ಹೋಗುವಾಗ ಕತ್ತಿನಲ್ಲಿ ನೆಲ್ಲಿಕಾಯಿಯಷ್ಟು ಗಂಟು ಬಂದಿತ್ತು.

'ಹೊಗೆಸೊಪ್ಪು ಎಷ್ಟು ವರ್ಷದಿಂದ?' ಎಂದು ಅಲ್ಲಿಯ ಡಾಕ್ಟರು ಕೇಳಿದರು. ಅವನು ನನ್ನ ಮುಖ ನೋಡಿದ. ಉತ್ತರ ನನಗೆ ಗೊತ್ತಿತ್ತು. ಇಪ್ಪತ್ತೆರಡು ವರ್ಷ ದಿನಾ ಹತ್ತು ಗಂಟೆಯ ಚಾದ ಜೊತೆ ತಟ್ಟೆಯಲ್ಲಿಟ್ಟು ಕೊಟ್ಟವನು ನಾನೇ.

ಇದು ನಮ್ಮ ಕಡೆಯ ವಾಡಿಕೆ. ಕೆಲಸಕ್ಕೆ ಬಂದವರಿಗೆ ಚಾ ತಿಂಡಿ ಕೊಟ್ಟರೆ ಮುಗಿಯುವುದಿಲ್ಲ. ಬಚ್ಚಿರೆ, ಬಜ್ಜೈ, ಸುಣ್ಣ, ಪುಗೆರೆ ನಾಲ್ಕೂ ಇರಬೇಕು. ಹೊಗೆಸೊಪ್ಪು ಕಡಿಮೆ ಇಟ್ಟರೆ ಜಿಪುಣರ ಮನೆ ಅಂತ ಹೆಸರು. ನಮ್ಮ ಮನೆಗೆ ಆ ಹೆಸರು ಬರದ ಹಾಗೆ ಅಪ್ಪನೂ ನೋಡಿಕೊಂಡರು, ನಾನೂ ನೋಡಿಕೊಂಡೆ.

ಒಂದೇ ತಟ್ಟೆ, ಎರಡು ಬಾಯಿ

ಅದೇ ವರ್ಷ ನನ್ನ ಚಿಕ್ಕಪ್ಪ ಹಲ್ಲಿನ ಸೆಟ್ಟು ಕಟ್ಟಿಸಲಿಕ್ಕೆ ಹೋಗಿದ್ದರು. ಅವರೂ ದಿನಕ್ಕೆ ಎಂಟು ಹತ್ತು ಸಲ ಎಲೆಅಡಿಕೆ ಹಾಕುವವರು, ಹೊಗೆಸೊಪ್ಪು ಸಹಿತ. ಹಲ್ಲಿನ ಡಾಕ್ಟರು ಗೆನ್ನೆಯ ಒಳಗೆ ಒಂದು ಬಿಳಿ ಮಚ್ಚೆ ಕಂಡರು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು, ಆಮೇಲೆ ಅಷ್ಟು ಭಾಗ ತೆಗೆದೇ ಬಿಟ್ಟರು. ಮೂರು ದಿನ ಗಂಜಿ ಕುಡಿದರು, ನಾಲ್ಕನೆಯ ದಿನ ತೋಟಕ್ಕೆ ಇಳಿದರು. ಹೊಗೆಸೊಪ್ಪು ಬಿಟ್ಟಿದ್ದಾರೆ.

ಅವನಿಗೆ ದವಡೆಯ ಒಂದು ಭಾಗವೇ ಹೋಯಿತು. ನಂತರ ಆರು ವಾರ ಕರೆಂಟು.

ತಟ್ಟೆ ಒಂದೇ, ಸೊಪ್ಪು ಒಂದೇ ಕಟ್ಟಿನದ್ದು. ವ್ಯತ್ಯಾಸ ಆದದ್ದು ಎಲ್ಲಿ? ಚಿಕ್ಕಪ್ಪನಿಗೆ ಹಲ್ಲಿನ ಸೆಟ್ಟು ಕಟ್ಟಿಸುವಷ್ಟು ದುಡ್ಡು ಇತ್ತು, ಹಾಗಾಗಿ ಒಬ್ಬರು ಅವರ ಬಾಯಿಯೊಳಗೆ ದೀಪ ಹಾಕಿ ನೋಡಿದರು. ಇವನು ಹಲ್ಲು ನೋಯುವಾಗ ಲವಂಗ ಕಚ್ಚಿಕೊಂಡು ಮರ ಹತ್ತಿದ. ಕ್ಯಾನ್ಸರಿಗೆ ಬಡವ ಬಲ್ಲಿದ ಎಂಬ ಭೇದ ಇಲ್ಲ ಅನ್ನುತ್ತಾರೆ. ನಾನು ಕಂಡ ಮಟ್ಟಿಗೆ ಇದೆ. ಹೊಗೆಸೊಪ್ಪು ಹೆಚ್ಚು ಬಳಸುವವರು ಮೈಮುರಿದು ದುಡಿಯುವವರೇ, ತಡವಾಗಿ ಗೊತ್ತಾಗುವುದೂ ಅವರಿಗೇ. ಗೊತ್ತಾದ ಮೇಲೆ ದಿನದ ಸಂಬಳ ಬಿಟ್ಟು ಆಸ್ಪತ್ರೆಗೆ ಅಲೆಯಲಾಗದವರೂ ಅವರೇ.

2022ರ ಅಂದಾಜಿನಂತೆ ಭಾರತದಲ್ಲಿ ಒಂದು ವರ್ಷಕ್ಕೆ ಹೊಸದಾಗಿ ತುಟಿ ಮತ್ತು ಬಾಯಿಯ ಕ್ಯಾನ್ಸರ್ ಆದವರು ಒಂದು ಲಕ್ಷ 43 ಸಾವಿರಕ್ಕೂ ಹೆಚ್ಚು. ಇಡೀ ಜಗತ್ತಿನ ಲೆಕ್ಕದಲ್ಲಿ ಇದು ಮೂರನೇ ಒಂದು ಪಾಲಿಗಿಂತ ಜಾಸ್ತಿ. ಬೇರೆ ದೇಶಗಳಲ್ಲಿ ಹೊಗೆಸೊಪ್ಪು ಸೇದುವುದೇ ಹೆಚ್ಚು. ನಮ್ಮಲ್ಲಿ ಅಗಿಯುತ್ತೇವೆ, ಗೆನ್ನೆಯಲ್ಲಿ ಇಟ್ಟುಕೊಂಡು ನಿದ್ದೆಯನ್ನೂ ಮಾಡುತ್ತೇವೆ.

ಸುಣ್ಣದ ಕೆಲಸ

ಬೋರ್ಡೋ ಮಾಡುವಾಗ ಮೈಲುತುತ್ತಿಗೆ ಸುಣ್ಣ ಯಾಕೆ ಅಂತ ನಮಗೆಲ್ಲ ಗೊತ್ತು. ಹುಳಿ ಕಳೆಯಲಿಕ್ಕೆ. ಎಲೆಅಡಿಕೆಯಲ್ಲಿಯೂ ಸುಣ್ಣ ಅದೇ ಕೆಲಸ ಮಾಡುತ್ತದೆ. ಸುಣ್ಣ ಬಿದ್ದಾಗ ಹೊಗೆಸೊಪ್ಪಿನ ನಿಕೋಟಿನ್ ಬಿಡುಗಡೆಯಾಗಿ ಬಾಯಿಯ ತೆಳು ಚರ್ಮದ ಮೂಲಕ ಬೇಗ ರಕ್ತಕ್ಕೆ ಸೇರುತ್ತದೆ. 'ಸುಣ್ಣ ಇಲ್ಲದಿದ್ದರೆ ಹಿಡಿಯುವುದಿಲ್ಲ' ಅನ್ನುವುದು ಇದಕ್ಕೇ. ಹಿಡಿದದ್ದು ಬಿಡುವುದಿಲ್ಲ ಅನ್ನುವುದೂ ಇದಕ್ಕೇ. ನಿಕೋಟಿನ್ ಚಟ ಹಿಡಿಸುತ್ತದೆ, ಸೊಪ್ಪಿನಲ್ಲಿರುವ ಬೇರೆ ರಾಸಾಯನಿಕಗಳು ಕ್ಯಾನ್ಸರ್ ತರುತ್ತವೆ. ಸುಣ್ಣ ಚರ್ಮವನ್ನು ಸುಟ್ಟು ಅವುಗಳಿಗೆ ದಾರಿ ಸಲೀಸು ಮಾಡುತ್ತದೆ.

ಇನ್ನು ಅಡಿಕೆಯ ಮಾತು. ಇದನ್ನು ಮರೆಮಾಚಿ ಬರೆದರೆ ಉಳಿದದ್ದಕ್ಕೂ ಬೆಲೆ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಹೊಗೆಸೊಪ್ಪು ಸೇರಿದ ವೀಳ್ಯ ಕ್ಯಾನ್ಸರ್‌ಕಾರಕ ಅಂತ 1985ರಲ್ಲೇ ಹೇಳಿತ್ತು. 2004ರಲ್ಲಿ ಹೊಗೆಸೊಪ್ಪು ಇಲ್ಲದ ವೀಳ್ಯವನ್ನೂ ಅಡಿಕೆಯನ್ನೂ ಅದೇ ಪಟ್ಟಿಗೆ ಸೇರಿಸಿತು. ನಮ್ಮ ಸಭೆಗಳಲ್ಲಿ ಇದಕ್ಕೆ ಎದ್ದುನಿಂತು ಬೈಯುವುದು ರೂಢಿಯಾಗಿದೆ. ನಾನೂ ಒಮ್ಮೆ ಬೈದಿದ್ದೇನೆ. ಆದರೆ ಖಾರ ತಾಗಿದರೆ ಉರಿಯುವುದು, ಗೆನ್ನೆ ಗಟ್ಟಿಯಾಗಿ ಬಾಯಿ ತೆರೆಯಲಾಗದಿರುವುದು, ಈ ರೋಗ ಬರುವುದು ಮುಖ್ಯವಾಗಿ ಅಡಿಕೆಯಿಂದ ಎಂದು ಹಲ್ಲಿನ ಡಾಕ್ಟರುಗಳು ಒಂದೇ ಮಾತಿನಲ್ಲಿ ಹೇಳುತ್ತಾರೆ. ಒಮ್ಮೆ ಗಟ್ಟಿಯಾದ ಗೆನ್ನೆ ಪೂರ್ತಿ ಮೊದಲಿನಂತಾಗುವುದಿಲ್ಲ, ಅಂಥ ಬಾಯಿಯಲ್ಲಿ ಕ್ಯಾನ್ಸರ್ ಬರುವ ಅಪಾಯವೂ ಹೆಚ್ಚು. ಹೈಸ್ಕೂಲು ಮಕ್ಕಳು ಪ್ಯಾಕೆಟ್ ಹರಿದು ಬಾಯಿಗೆ ಸುರಿಯಲು ಕಲಿತ ಮೇಲೆ ಮೂವತ್ತು ತುಂಬದವರಲ್ಲಿಯೂ ಇದು ಕಾಣುತ್ತಿದೆ. ಹೊಗೆಸೊಪ್ಪು ಬಿಟ್ಟು ಬರೀ ಎಲೆಅಡಿಕೆ ಹಾಕಿದರೆ ಅಪಾಯ ಇಳಿಯುತ್ತದೆ, ಇಲ್ಲವಾಗುವುದಿಲ್ಲ. ಅಷ್ಟು ತಿಳಿದಿರಲಿ.

ಕರ್ನಾಟಕದಲ್ಲಿ 2013ರ ಮೇ ತಿಂಗಳಲ್ಲಿ ಗುಟ್ಕಾ ನಿಷೇಧವಾಯಿತು. ಮರುದಿನದಿಂದಲೇ ಅನ್ನುವ ಹಾಗೆ ಪಾನ್ ಮಸಾಲೆ ಒಂದು ಪ್ಯಾಕೆಟ್, ಹೊಗೆಸೊಪ್ಪು ಇನ್ನೊಂದು ಪ್ಯಾಕೆಟ್ ಆಗಿ ಜೋಡಿಯಾಗಿ ಬಂತು. ಬೆರೆಸುವ ಕೆಲಸ ಗಿರಾಕಿಯದ್ದಾಯಿತು. ತಂಬಾಕು ಮಾರುವ ವಯಸ್ಸಿನ ಮಿತಿಯನ್ನು ನಮ್ಮ ರಾಜ್ಯ 2025ರಲ್ಲಿ 18ರಿಂದ 21ಕ್ಕೆ ಏರಿಸಿದೆ. ಒಳ್ಳೆಯದೇ. ಆದರೆ ನಮ್ಮ ಚಾವಡಿಯ ತಟ್ಟೆಯನ್ನು ನೋಡಲಿಕ್ಕೆ ಯಾವ ಇನ್‌ಸ್ಪೆಕ್ಟರೂ ಬರುವುದಿಲ್ಲ.

ಪಕ್ಕದ ಕೇರಳ ಮಾಡಿ ನೋಡಿದ್ದು

ಊರಿನವರು ಸೇರಿದರೆ ಏನಾದರೂ ಆಗುತ್ತದೆಯೇ, ಅಥವಾ ಬರೀ ಭಾಷಣವೇ? ಇದಕ್ಕೆ ಲೆಕ್ಕ ಇಟ್ಟು ಉತ್ತರ ಹುಡುಕಿದವರು ನಮ್ಮ ದೇಶದಲ್ಲಿಯೇ ಇದ್ದಾರೆ.

ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ತಂಡವೊಂದು 1970ರ ದಶಕದ ಕೊನೆಯಲ್ಲಿ ಕೇರಳದ ಎರ್ನಾಕುಲಂ, ಗುಜರಾತಿನ ಭಾವನಗರ, ಆಂಧ್ರದ ಶ್ರೀಕಾಕುಳಂ ಜಿಲ್ಲೆಗಳ ಹಳ್ಳಿಗಳಲ್ಲಿ 36,000 ತಂಬಾಕು ಬಳಕೆದಾರರನ್ನು ಆರಿಸಿತು. (ಶ್ರೀಕಾಕುಳಂ ಕಡೆ ಹೆಂಗಸರು ಚುಟ್ಟದ ಉರಿಯುವ ತುದಿಯನ್ನು ಬಾಯಿಯೊಳಗೆ ಇಟ್ಟು ಸೇದುತ್ತಾರೆ. ಹೇಳಿದರೆ ನಂಬಲಿಕ್ಕಿಲ್ಲ, ಅದರಿಂದ ಅಂಗುಳಿನ ಕ್ಯಾನ್ಸರ್ ಬರುತ್ತದೆ.) ಕೆಲಸ ತುಂಬ ಸರಳ. ವರ್ಷಕ್ಕೊಮ್ಮೆ ಮನೆಮನೆಗೆ ಹೋಗುವುದು, ಬಾಯಿ ನೋಡುವುದು, ಬಿಡುವಂತೆ ಕುಳಿತು ಮಾತಾಡುವುದು. ಜೊತೆಗೆ ಪೋಸ್ಟರು, ಸಿನೆಮಾ. ಮಾತಾಡಿಸಿದವರಲ್ಲಿ ಬಿಟ್ಟವರ, ಕಡಿಮೆ ಮಾಡಿದವರ ಸಂಖ್ಯೆ ಹೆಚ್ಚಿತು. ಬಿಟ್ಟವರ ಬಾಯಿಯಲ್ಲಿ ಹೊಸ ಬಿಳಿ ಮಚ್ಚೆ ಬರುವುದು ಬಹಳ ಕಡಿಮೆಯಾಯಿತು. 1986ರಲ್ಲಿ ಇದರ ವರದಿ ಪ್ರಕಟವಾಯಿತು. ಕ್ಯಾನ್ಸರ್ ಆಗುವ ಮೊದಲಿನ ಮೆಟ್ಟಿಲಲ್ಲೇ ತಡೆಯಬಹುದು ಎಂಬುದಕ್ಕೆ ಇದು ದೊಡ್ಡ ಪುರಾವೆ.

ಎರಡನೆಯದ್ದು ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದವರ ಕೆಲಸ. ಹದಿಮೂರು ಪಂಚಾಯತುಗಳು. ಚೀಟಿ ಎತ್ತಿದ ಹಾಗೆ ಏಳರಲ್ಲಿ 35 ವರ್ಷ ದಾಟಿದವರ ಬಾಯಿ ತಪಾಸಣೆ, ಉಳಿದ ಆರರಲ್ಲಿ ಎಂದಿನ ವ್ಯವಸ್ಥೆ. ಒಟ್ಟು ಒಂದು ಲಕ್ಷ 90 ಸಾವಿರಕ್ಕೂ ಹೆಚ್ಚು ಜನ. 1996ರಿಂದ 2004ರವರೆಗೆ ಮೂರು ವರ್ಷಕ್ಕೊಂದರಂತೆ ಸುತ್ತು ನಡೆಯಿತು. ನನಗೆ ಇದರಲ್ಲಿ ಮುಖ್ಯ ಅನಿಸಿದ್ದು ಬಾಯಿ ನೋಡಿದವರು ಯಾರು ಎಂಬುದು. ಡಾಕ್ಟರಲ್ಲ, ನರ್ಸೂ ಅಲ್ಲ. ಬೇರೆ ವಿಷಯಗಳಲ್ಲಿ ಡಿಗ್ರಿ ಮಾಡಿದವರಿಗೆ ತರಬೇತಿ ಕೊಟ್ಟು, ಕೈಯಲ್ಲಿ ಟಾರ್ಚು ಕೊಟ್ಟು ಮನೆಮನೆಗೆ ಕಳಿಸಿದ್ದು. ಫಲ ಏನೆಂದರೆ, ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿಯ ಕ್ಯಾನ್ಸರಿನಿಂದ ಸಾಯುವುದು ನೂರಕ್ಕೆ 34ರಷ್ಟು ಇಳಿಯಿತು. ಯಾವ ಚಟವೂ ಇಲ್ಲದವರಲ್ಲಿ ಅಂಥ ಲಾಭ ಕಾಣಲಿಲ್ಲ. ಅಂದರೆ ಎಲ್ಲರನ್ನೂ ಸಾಲು ನಿಲ್ಲಿಸಬೇಕಿಲ್ಲ, ಅಗಿಯುವವರ, ಸೇದುವವರ ಬಾಯಿ ನೋಡಿದರೆ ಸಾಕು.

ಇದರಲ್ಲೇ ಇನ್ನೊಂದು ಪಾಠವೂ ಇದೆ. ಸಂಶಯ ಬಂದು ದೊಡ್ಡ ಡಾಕ್ಟರ ಬಳಿ ಹೋಗಿ ಅಂತ ಚೀಟಿ ಕೊಟ್ಟವರಲ್ಲಿ ಹೋದವರು ನೂರಕ್ಕೆ 63 ಮಾತ್ರ. ಓದುಬರಹ ಬಲ್ಲ ಕೇರಳದಲ್ಲಿಯೇ ಹೀಗೆ. ಟಾರ್ಚು ಹಾಕುವುದು ಅರ್ಧ ಕೆಲಸ, ಚೀಟಿ ಹಿಡಿದವನನ್ನು ಬಸ್ಸು ಹತ್ತಿಸುವುದು ಉಳಿದರ್ಧ.

ನಾಗಾಲ್ಯಾಂಡಿನಲ್ಲಿ ಗಾರಿಫೇಮಾ ಎಂಬ ಒಂದು ಹಳ್ಳಿಯನ್ನು 2014ರಲ್ಲಿ ತಂಬಾಕುಮುಕ್ತ ಎಂದು ಘೋಷಿಸಿದರು. ಊರ ಮಂಡಳಿ, ಹೆಂಗಸರ ಸಂಘ, ವಿದ್ಯಾರ್ಥಿಗಳು ಕೂಡಿ ಮಾಡಿದ ನಿರ್ಣಯ ಅದು. ಅಲ್ಲಿ ಊರ ಹಿರಿಯರ ಮಾತಿಗೆ ಇರುವ ತೂಕ ನಮ್ಮಲ್ಲಿಲ್ಲ. ಅದನ್ನು ಇಲ್ಲಿ ತಂದು ನೆಟ್ಟರೆ ಬೇರು ಹಿಡಿಯುವುದು ಕಷ್ಟ ಎಂದು ನನ್ನ ಅಭಿಪ್ರಾಯ.

ನಮ್ಮ ಮೊದಲ ಶಿಬಿರ ಹಾಳಾದ ಕತೆ

ನಾವು ಕೆಲವರು ಸೇರಿ ಒಂದು ದಂತ ಕಾಲೇಜಿನವರನ್ನು ಕರೆದೆವು. ಭಾನುವಾರ, ಬೆಳಿಗ್ಗೆ ಹತ್ತು ಗಂಟೆ, ಶಾಲೆಯ ಕಟ್ಟಡ. 'ಕ್ಯಾನ್ಸರ್ ತಪಾಸಣಾ ಶಿಬಿರ' ಅಂತ ಬ್ಯಾನರು, ಮೈಕು, ಉದ್ಘಾಟನೆ, ನಾಲ್ಕು ಜನರ ಭಾಷಣ, ಅವಲಕ್ಕಿ, ಚಾ. ಯಾರು ಬಂದರು? ಮೇಷ್ಟ್ರು, ಬ್ಯಾಂಕಿನವರು, ತೋಟದವರು, ಅಂದರೆ ಮೊದಲೇ ಹಲ್ಲಿನ ಡಾಕ್ಟರ ಬಾಗಿಲು ಕಂಡವರು. ಕೂಲಿಯವರು ಒಬ್ಬರೂ ಇಲ್ಲ. ಆ ಬ್ಯಾನರಿನ ಕೆಳಗೆ ಹೋಗಿ ಬಂದರೆ 'ಅವನಿಗೆ ಕ್ಯಾನ್ಸರ್ ಅಂತೆ' ಅಂತ ಸಂಜೆಯೊಳಗೆ ಊರಿಡೀ ಸುದ್ದಿ. ಯಾರು ಬರುತ್ತಾರೆ?

ಬೈದು ಬುದ್ಧಿ ಹೇಳಿದವರು ಆಶಾ ಕಾರ್ಯಕರ್ತೆ. 'ಜನ ಇರುವಲ್ಲಿಗೆ ನೀವು ಹೋಗಿ, ನೀವಿರುವಲ್ಲಿಗೆ ಜನ ಯಾಕೆ ಬರಬೇಕು?' ಎಂದರು. ಎರಡನೆಯ ಸಲ ಬ್ಯಾನರು ಇಲ್ಲ, ಭಾಷಣ ಇಲ್ಲ. ಹೆಸರೂ ಬದಲು, 'ಹಲ್ಲು ನೋಡುವುದು'. ಸಂಜೆ ಹಾಲಿನ ಸೊಸೈಟಿ ಎದುರು ಒಂದು ಬೆಂಚು. ರಾತ್ರಿ ಎರಡು ಮನೆಗಳಲ್ಲಿ ಅಡಿಕೆ ಸುಲಿಯುವಲ್ಲಿಗೇ ಡಾಕ್ಟರನ್ನು ಕರಕೊಂಡು ಹೋದೆವು. ಮರುದಿನ ಬೀಡಿ ಬ್ರಾಂಚ್. ಬೀಡಿ ಕೊಡಲಿಕ್ಕೆ ಹೆಂಗಸರು ಹೇಗೂ ಸಾಲು ನಿಂತಿರುತ್ತಾರಲ್ಲ. ಬೀಡಿ ಬ್ರಾಂಚಿನಲ್ಲಿ ಕ್ಯಾನ್ಸರ್ ಹುಡುಕುವುದು ಅಂದರೆ ಕೇಳಿದವರು ನಕ್ಕರು. ಆದರೆ ದಿನವಿಡೀ ಕುಳಿತು ಸುತ್ತುವ ಬೇಸರಕ್ಕೆ ಬಾಯಿಗೆ ಹಾಕುವ ಅಭ್ಯಾಸ ಅವರಲ್ಲಿಯೂ ಇದೆ, ಅದನ್ನು ಗಂಡಸರು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಆ ಎರಡು ದಿನ ಮೂವರಿಗೆ ಚೀಟಿ ಕೊಟ್ಟರು. ಹೋದದ್ದು ಒಬ್ಬ. ಕೇರಳದ 63 ನಮಗೆ ಎಷ್ಟೋ ಮೇಲೆ! ಒಬ್ಬಾಕೆಯ ಗಂಡ 'ನೋವಿಲ್ಲ, ಬೇಡ' ಅಂದ. ಕೊನೆಗೆ ಅವಳ ಸ್ವಸಹಾಯ ಸಂಘದವರು ತಮ್ಮ ಉಳಿತಾಯದಿಂದ ಬಸ್ಸಿನ ದುಡ್ಡೂ ಒಂದು ದಿನದ ಸಂಬಳವೂ ತೆಗೆದು, ಜೊತೆಗೊಬ್ಬರನ್ನು ಕಳಿಸಿದರು. ಬಿಳಿ ಮಚ್ಚೆ, ಮೊದಲ ಹಂತ. ಬಿಟ್ಟರೆ ಕಡಿಮೆಯಾಗುವ ಸಂಭವ ಇದೆ, ತಿಂಗಳು ತಿಂಗಳು ತೋರಿಸಿ ಎಂದಿದ್ದಾರೆ. ಮೂರನೆಯವನ ಸಂಬಳ ಅವನು ಕೆಲಸಕ್ಕೆ ಹೋಗುವ ತೋಟದವರೇ ಕೊಟ್ಟು ಕಳಿಸಿದರು. ಸಂಘ ಸಂಸ್ಥೆ ಕೂಡಬೇಕು ಅನ್ನುವ ದೊಡ್ಡ ಮಾತಿನ ಅರ್ಥ ನಮಗೆ ಇಷ್ಟರಲ್ಲಿ ಆಯಿತು: ಒಂದು ದಿನದ ಸಂಬಳ, ಬಸ್ ಚಾರ್ಜು, ಜೊತೆಗೊಬ್ಬರು.

ಚಿಕಿತ್ಸೆಯ ಖರ್ಚಿಗೆ ಬಿ.ಪಿ.ಎಲ್. ಕುಟುಂಬಕ್ಕೆ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಐದು ಲಕ್ಷದವರೆಗೆ ಸೌಲಭ್ಯ ಇದೆ. ಮೊದಲು ಸರಕಾರಿ ಆಸ್ಪತ್ರೆಯಿಂದ ಶಿಫಾರಸು ಚೀಟಿ ಮಾಡಿಸಬೇಕು. ಇದು ತಿಳಿಯದೆ ನೇರ ದೊಡ್ಡ ಆಸ್ಪತ್ರೆಗೆ ಹೋಗಿ ನಾವು ಒಂದು ವಾರ ಕಳಕೊಂಡೆವು.

ನೋಡುವುದು ಹೇಗೆ?

ಹಗಲು ಬೆಳಕು ಅಥವಾ ಟಾರ್ಚು, ಒಂದು ಕನ್ನಡಿ. ಮೊದಲು ಬಾಯಿ ಮುಕ್ಕಳಿಸಿ ಕೆಂಪು ಹೋಗುವಂತೆ ತೊಳೆಯಬೇಕು, ಹಲ್ಲಿನ ಸೆಟ್ಟಿದ್ದರೆ ತೆಗೆಯಬೇಕು. ಎರಡು ಗೆನ್ನೆಯ ಒಳಭಾಗವನ್ನು ಬೆರಳಿನಿಂದ ಎಳೆದು ನೋಡಿ. ಎಲೆಅಡಿಕೆ ಇಟ್ಟುಕೊಳ್ಳುವ ಬದಿಯನ್ನು ಎರಡು ಸಲ ನೋಡಿ. ತುಟಿಯ ಒಳಗೆ, ವಸಡು, ನಾಲಿಗೆ ಹೊರಗೆ ಹಾಕಿಸಿ ಅದರ ಎರಡು ಅಂಚು, ನಾಲಿಗೆ ಮೇಲೆತ್ತಿಸಿ ಅದರ ಅಡಿ. ನಾಲಿಗೆಯ ಅಡಿಯನ್ನು ನೋಡದೆ ಬಿಡುವವರೇ ಹೆಚ್ಚು.

ಉಜ್ಜಿದರೂ ಹೋಗದ ಬಿಳಿ ಮಚ್ಚೆ, ಮಖಮಲ್ ಬಟ್ಟೆಯ ಹಾಗೆ ಕೆಂಪಾದ ಜಾಗ (ಬಿಳಿಗಿಂತ ಇದು ಹೆಚ್ಚು ಅಪಾಯದ್ದು), ಮೂರು ವಾರವಾದರೂ ಮಾಯದ ಹುಣ್ಣು, ಗಂಟು, ಕಾರಣವಿಲ್ಲದೆ ಅಲುಗುವ ಹಲ್ಲು, ಕತ್ತಿನಲ್ಲಿ ಗಡ್ಡೆ, ನುಂಗುವಾಗ ತೊಂದರೆ, ಇವುಗಳಲ್ಲಿ ಒಂದಿದ್ದರೂ ಡಾಕ್ಟರಿಗೆ ತೋರಿಸಬೇಕು. ನೋವಿಲ್ಲ ಅನ್ನುವುದು ಸಮಾಧಾನದ ಮಾತಲ್ಲ. ಸುರುವಿಗೆ ಸಾಮಾನ್ಯವಾಗಿ ನೋವು ಇರುವುದೇ ಇಲ್ಲ. ಇನ್ನೊಂದು ಪರೀಕ್ಷೆ: ತಮ್ಮದೇ ಕೈಯ ತೋರು, ನಡು, ಉಂಗುರದ ಬೆರಳು ಮೂರನ್ನು ಒಂದರ ಮೇಲೊಂದು ಇಟ್ಟು ಮೇಲಿನ ಕೆಳಗಿನ ಹಲ್ಲುಗಳ ನಡುವೆ ತೂರಿಸಲಿ. ಎರಡೇ ಹೋಗುವುದಾದರೆ ಗೆನ್ನೆ ಬಿಗಿಯುತ್ತಿದೆ ಎಂದು ಸಂಶಯಿಸಬೇಕು. ಸುಲಿಯುವ ಹುಡುಗರಿಗೆ ಇದು ಆಟದಂತಾಯಿತು. ಒಬ್ಬನಿಗೆ ಎರಡೂ ಹೋಗಲಿಲ್ಲ, ಆಮೇಲೆ ಯಾರೂ ನಗಲಿಲ್ಲ.

ಇಷ್ಟು ನೋಡಿ 'ಕ್ಯಾನ್ಸರ್' ಅಂತ ನಾವು ಹೇಳಲಿಕ್ಕಿಲ್ಲ. ತೋರಿಸಿಕೊಂಡು ಬಾ ಅಂತ ಮಾತ್ರ ಹೇಳುವುದು. ಮಚ್ಚೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಆಗಿರುವುದಿಲ್ಲ.

ಬಿಡುವವರಿಗೆ

ಮೊದಲ ಮೂರು ನಾಲ್ಕು ದಿನ ಕಠಿಣ. ಸಿಟ್ಟು, ತಲೆನೋವು, ನಿದ್ದೆ ಬಾರದಿರುವುದು. ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ಬೇಕು ಅನಿಸುವ ಒತ್ತಡ ಒಂದೊಂದು ಸಲಕ್ಕೆ ಕೆಲವೇ ನಿಮಿಷದ್ದು, ಅಷ್ಟು ಹೊತ್ತು ನೀರು ಕುಡಿದೋ ಏಲಕ್ಕಿ, ಜೀರಿಗೆ ಅಗಿದೋ ದಾಟಬೇಕು. ಹತ್ತು ಗಂಟೆಯ ಚಾ ನಂತರದ ಹೊತ್ತೇ ಬಲು ಕಷ್ಟ ಅಂತ ಬಿಟ್ಟವರೆಲ್ಲ ಹೇಳುತ್ತಾರೆ. ನಮ್ಮ ತಟ್ಟೆ ಎದುರಿಗೆ ಬರುವುದೂ ಆಗಲೇ. 1800 112 356 ಎಂಬ ಸರಕಾರದ ಉಚಿತ ಫೋನ್ ನಂಬ್ರ ಇದೆ, ಬಿಡಲು ಸಲಹೆ ಕೊಡುತ್ತಾರೆ, ಆಮೇಲೆ ತಿರುಗಿ ಫೋನ್ ಮಾಡಿ ವಿಚಾರಿಸುತ್ತಾರೆ. ಒಮ್ಮೆ ಬಿಟ್ಟು ಪುನಃ ಹಿಡಿದವರನ್ನು ಹಾಸ್ಯ ಮಾಡಬಾರದು. ಎರಡು ಮೂರು ಸಲ ಜಾರಿ ಬಿಟ್ಟವರೇ ಜಾಸ್ತಿ.

2009-10ರಲ್ಲಿ ದೇಶದ ದೊಡ್ಡವರಲ್ಲಿ ನೂರಕ್ಕೆ 34.6 ಜನ ತಂಬಾಕು ಬಳಸುತ್ತಿದ್ದರು, 2016-17ರ ಸರ್ವೆಯಲ್ಲಿ ಅದು 28.6ಕ್ಕೆ ಇಳಿದಿತ್ತು. ಬಿಡಲಾಗದ್ದು ಏನೂ ಅಲ್ಲ.

ನಮ್ಮ ಮನೆಯ ತಟ್ಟೆಯಿಂದ ಹೊಗೆಸೊಪ್ಪು ತೆಗೆದು ಒಂದು ವರ್ಷ ದಾಟಿತು. ಮೊದಲ ವಾರ ಇಬ್ಬರು ಕೆಲಸಕ್ಕೆ ಬರಲಿಲ್ಲ. ಜಿಪುಣ ಅಂತ ಹೆಸರೂ ಬಂತು. ಆ ದುಡ್ಡಿಗೆ ಎರಡನೆಯ ಚಾದ ಜೊತೆ ಬಾಳೆಹಣ್ಣು, ಬೆಲ್ಲ ನೆಲಕಡಲೆ ಇಡುತ್ತೇವೆ. ಇಬ್ಬರೂ ವಾಪಸು ಬಂದರು. ಒಬ್ಬ ತನ್ನ ಕಿಸೆಯಿಂದಲೇ ಸೊಪ್ಪು ತೆಗೆದು ಹಾಕುತ್ತಾನೆ, ಅದನ್ನು ನಾನು ತಡೆಯಲಿಕ್ಕೆ ಹೋಗಿಲ್ಲ. ಎಲೆಅಡಿಕೆ ಇನ್ನೂ ಇದೆ. ಅದನ್ನು ಏನು ಮಾಡುವುದೆಂದು ಮನೆಯಲ್ಲಿ ಮಾತು ಮುಗಿದಿಲ್ಲ.

ಅವನು ಮರ ಹತ್ತುವುದಿಲ್ಲ. ಮಾತು ತೊದಲುತ್ತದೆ, ಗಂಜಿಯೇ ಊಟ. ಕಳೆದ ಸಲ ಸುಲಿಯುವಲ್ಲಿಗೆ ಡಾಕ್ಟರು ಬಂದಾಗ ಟಾರ್ಚು ಹಿಡಿದು ನಿಂತವನು ಅವನೇ. ನಾವು ಹೇಳಿದರೆ ಬಾಯಿ ತೆರೆಯದವರು ಅವನ ಮುಖ ನೋಡಿ ತೆರೆದರು. ಈ ವರ್ಷ ಚಾಲಿ ಸುಲಿ ಸುರುವಾದ ಮೇಲೆ ಒಂದು ಗುರುವಾರ ರಾತ್ರಿ ಬರುವುದಾಗಿ ಡಾಕ್ಟರು ಒಪ್ಪಿದ್ದಾರೆ. ಟಾರ್ಚಿಗೆ ಹೊಸ ಬ್ಯಾಟರಿ ಹಾಕಿಸಿಡಿ ಅಂತ ಅವನು ಮೊನ್ನೆ ಹೇಳಿಹೋದ.